ಐದು ರೂಪಾಯಿ ಪ್ಯಾಕೆಟ್ಟು, ಒಂದು ಬಿಡಿ ಸಿಗರೇಟು

(ಹೋದ ತಿಂಗಳು ನಮ್ಮ ತಾಲ್ಲೂಕಿನ ಕಾಲೇಜಲ್ಲಿ ತಂಬಾಕು, ಬೊಜ್ಜು ಎರಡನ್ನೂ ಸೇರಿಸಿ ಒಂದು ಗಂಟೆ ಮಾತಾಡಿದ್ದೆ. ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದ ಹುಡುಗ್ರೇ ಟೈಪ್ ಮಾಡಿ ಕಳಿಸಿದ್ರು. ಅಲ್ಲಲ್ಲಿ ತಿದ್ದಿದೀನಿ, ಕೆಮ್ಮಿದ್ದು, ಮೈಕು ಕೈ ಕೊಟ್ಟಿದ್ದು ಎಲ್ಲಾ ತೆಗೆದಿದೀನಿ. ಮಾತಿನ ಧಾಟಿ ಮಾತ್ರ ಹಾಗೇ ಇರ್ಲಿ ಅಂತ ಬಿಟ್ಟಿದೀನಿ.)

ಎಲ್ರಿಗೂ ನಮಸ್ಕಾರ. ಶುರು ಮಾಡೋಕ್ ಮುಂಚೆ ಮೂರು ವಿಷಯ ಒಪ್ಕೊಂಡ್ಬಿಡ್ತೀನಿ, ಆಮೇಲೆ ಯಾರೂ ಹಿಂದಿನಿಂದ ಗೊಣಗಬಾರದು. ಒಂದು, ನಮ್ಮಪ್ಪ ಹೊಗೆಸೊಪ್ಪು ಬೆಳೆದೇ ನನ್ನನ್ನ ಡಾಕ್ಟ್ರು ಓದಿಸಿದ್ದು. ಹುಣಸೂರು ಕಡೆಯವರು ನಾವು, ಸೊಪ್ಪು ಒಣಗಿಸೋ ಬ್ಯಾರನ್ ಮುಂದೆ ರಾತ್ರಿಯೆಲ್ಲಾ ಸೌದೆ ಒಟ್ಟಿ ಉರಿ ನೋಡ್ಕೊಂಡು ಸೊಪ್ಪು ಬೇಯಿಸಿದ ಮನೆ. ಎರಡು, ಎಂಬಿಬಿಎಸ್ ಎರಡನೇ ವರ್ಷದಿಂದ ಹನ್ನೊಂದು ವರ್ಷ ನಾನೂ ಸೇದಿದೀನಿ, ಅದೂ ಶ್ವಾಸಕೋಶದ ಪಾಠ ಕೇಳಿ ಹೊರಗೆ ಬಂದು. ಮೂರನೇದು ನಿಮಗೇ ಕಾಣ್ತಿದೆ, ಹೊಟ್ಟೆ.

ಈ ಹೊಟ್ಟೆಯ ಲೆಕ್ಕ ನನಗೆ ಗೊತ್ತಾಗಿದ್ದು ನಮ್ಮೂರ ಆಶಾ ಕಾರ್ಯಕರ್ತೆಯಿಂದ. ಮೂವತ್ತು ದಾಟಿದ ಎಲ್ಲರ ಮನೆಗೂ ಅವರು ಒಂದು ಫಾರಂ ತಗೊಂಡು ಬರ್ತಾರೆ, ಬಿಪಿ ಶುಗರ್ ಬರೋ ಛಾನ್ಸ್ ಯಾರಿಗಿದೆ ಅಂತ ಅಂಕ ಹಾಕೋ ಫಾರಂ ಅದು. ಬೀಡಿ ಸಿಗರೇಟು ಹೊಗೆಸೊಪ್ಪು ದಿನಾ ಬಳಸಿದ್ರೆ ಎರಡು ಅಂಕ, ಮುಂಚೆ ಇತ್ತು ಈಗಿಲ್ಲ ಅಂದ್ರೆ ಒಂದು. ವಾರಕ್ಕೆ 150 ನಿಮಿಷ ಮೈ ಬಗ್ಗಿಸದಿದ್ರೆ ಒಂದು. ಗಂಡಸರ ಸೊಂಟ 90 ಸೆಂಟಿಮೀಟರ್ ದಾಟಿದ್ರೆ ಒಂದು, ನೂರು ದಾಟಿದ್ರೆ ಎರಡು, ಹೆಂಗಸರಿಗೆ ಅದು 80 ಮತ್ತೆ 90. ವಯಸ್ಸಿಗೆ, ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇದ್ರೆ ಅದಕ್ಕೆ ಬೇರೆ. ಎಲ್ಲಾ ಕೂಡಿ ನಾಲ್ಕು ದಾಟಿದ್ರೆ ಬೇಗ ಬಂದು ತೋರಿಸ್ಕೊಳ್ಳಿ ಅಂತಾರೆ. ಟೇಪು ಸುತ್ತಿದಾಗ ನಾನು ಸುಮ್ನೆ ಹೊಟ್ಟೆ ಒಳಗೆಳ್ಕೊಂಡೆ, ಅಭ್ಯಾಸಬಲ. ಆಯಮ್ಮ ಟೇಪು ಹಿಡ್ಕೊಂಡೇ ನಿಂತ್ಕೊಂಡ್ರು. "ಉಸಿರು ಬಿಡಿ ಸಾರ್, ನಾನೇನೂ ಅರ್ಜೆಂಟಲ್ಲಿಲ್ಲ" ಅಂದ್ರು. ಬಿಟ್ಟೆ. ತೊಂಬತ್ತಾರು. ಇಪ್ಪತ್ತೆಂಟು ವರ್ಷ ಸರ್ಕಾರಿ ಸರ್ವೀಸು ಮಾಡಿದ ಡಾಕ್ಟ್ರು ಅವರ ಮುಂದೆ ಕಳ್ಳನ ಥರ ನಿಂತಿದ್ದೆ.

ಈಗ ವಿಷಯಕ್ಕೆ ಬರ್ತೀನಿ. ಆ ಇಪ್ಪತ್ತೆಂಟು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಯಾವ್ದು ಅಂದ್ರೆ "ಬೀಡಿ ಬಿಡಪ್ಪಾ". ಅದಕ್ಕೆ ಸಿಕ್ಕಿದ ಉತ್ತರವೂ ಒಂದೇ, "ಆಯ್ತು ಸಾ". ಹಾಗಂದು ಚೀಟಿ ತಗೊಂಡು ಹೋಗಿ ಗೇಟಿನ ಪಕ್ಕದ ಪೆಟ್ಟಿಗೆ ಅಂಗಡೀಲಿ ಒಂದು ಹಚ್ಕೊಳ್ಳೋರು. ನನ್ನ ಓಪಿಡಿ ಕಿಟಕಿಯಿಂದ ಆ ಅಂಗಡಿ ಚೆನ್ನಾಗಿ ಕಾಣ್ತಿತ್ತು. ಮೊದಮೊದಲು ಪೇಶೆಂಟ್ ಮೇಲೆ ಸಿಟ್ಟು ಬರ್ತಿತ್ತು, ಎಷ್ಟೋ ವರ್ಷ ಆದಮೇಲೆ ಅನ್ನಿಸ್ತು, ನಾನು ದಿನಕ್ಕೆ ಎರಡು ನಿಮಿಷ ಮಾತಾಡ್ತೀನಿ, ಆ ಅಂಗಡಿ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೂ ಅವನ ಜೊತೆ ಮಾತಾಡುತ್ತೆ, ನಾನ್ ಹೆಂಗ್ ಗೆಲ್ಲೋದು ಅಂತ. ಅವತ್ತಿಂದ ನಾನು ಪೇಶೆಂಟನ್ನ ಬಿಟ್ಟು ಅಂಗಡೀನ ನೋಡೋಕೆ ಶುರು ಮಾಡಿದೆ.

ನೀವೂ ಒಂದ್ಸಲ ಕಣ್ಣು ಬಿಟ್ಟು ನೋಡಿ. ಮುಂದ್ಗಡೆ ಹಗ್ಗಕ್ಕೆ ಕಟ್ಟಿ ನೇತು ಹಾಕಿರೋ ಲೈಟರು. ಮುಂಚೆ ತೆಂಗಿನ ನಾರಿನ ಹಗ್ಗದ ತುದೀಲಿ ಸಣ್ಣಗೆ ಕೆಂಡ ಇರ್ತಿತ್ತು, ಈಗ ಅದರ ಜಾಗಕ್ಕೆ ಲೈಟರು ಬಂದಿದೆ. ಬೆಂಕಿ ಪುಕ್ಕಟೆ. ಮೇಲ್ಗಡೆ ಪಾನ್ ಮಸಾಲ ಸರ, ಕಡ್ಡಿಪುಡಿ ಸರ, ಹೂವಿನಂಗಡೀಲಿ ಮಾಲೆ ಇಳಿಬಿಟ್ಟ ಹಾಗೆ. ಅದರ ಕೆಳಗೆ, ಸರಿಯಾಗಿ ಮೂರನೇ ಕ್ಲಾಸಿನ ಮಗು ಕೈಗೆ ಎಟುಕೋ ಎತ್ತರಕ್ಕೆ, ಚಿಪ್ಸು, ಕುರುಕಲು ಪ್ಯಾಕೆಟ್ಟಿನ ಸರ, ಐದು ರೂಪಾಯಿ. ಪಕ್ಕದಲ್ಲಿ ಕೂಲ್ ಡ್ರಿಂಕ್ಸ್ ಕಂಪನಿ ಹೆಸರು ದೊಡ್ಡದಾಗಿ ಬರೆದಿರೋ ಫ್ರಿಜ್ಜು. ಡಬ್ಬೀಲಿ ಬನ್ನು, ಬಿಸ್ಕತ್ತು. ನಾವು ಆಸ್ಪತ್ರೇಲಿ ಕ್ಯಾನ್ಸರ್ ವಿಭಾಗ ಬೇರೆ, ಸಕ್ಕರೆ ಕಾಯಿಲೆ ವಿಭಾಗ ಬೇರೆ, ಹಾರ್ಟು ಬೇರೆ ಅಂತ ಮಾಡ್ಕೊಂಡಿದೀವಿ, ಅಂಗಡಿಯವನು ಆರಡಿ ಜಾಗದಲ್ಲಿ ಎಲ್ಲಾನೂ ಒಟ್ಟಿಗೇ ಇಟ್ಕೊಂಡಿದಾನೆ. ಎಲ್ಲಾದಕ್ಕೂ ಇರೋ ಗುಟ್ಟು ಒಂದೇ, ಚಿಲ್ಲರೆ. ಜೇಬಲ್ಲಿರೋ ಚಿಲ್ಲರೆಗೆ ಸರಿಯಾಗಿ ತುಂಡು ಮಾಡಿ ಮಾರೋದು. ಇವತ್ತು ನಾನು ಹೇಳೋಕೆ ಬಂದಿರೋದು ಇಷ್ಟೇ, ನಮ್ಮ ಕಡೆ ಈ ರೋಗಗಳು ಚಿಲ್ಲರೇಲಿ ಮಾರಾಟ ಆಗ್ತವೆ, ಕಾನೂನು ಮಾತ್ರ ಪ್ಯಾಕ್ ಲೆಕ್ಕದಲ್ಲಿ ಯೋಚನೆ ಮಾಡುತ್ತೆ.

ತಂಬಾಕಿನ ವಿಷಯದಲ್ಲಿ ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳಲ್ಲ, ಹಾಗೆ ಹೇಳೋದು ಸುಳ್ಳಾಗುತ್ತೆ. ಇಲ್ಲಿರೋ ಹುಡುಗ್ರಿಗೆ ಗೊತ್ತಿರಲ್ಲ, ನಮ್ಮ ಕಾಲದಲ್ಲಿ ಬಸ್ಸಿನ ಒಳಗೇ ಸೇದೋರು, ಕೆಲವು ಸಲ ಡ್ರೈವರ್ರೇ. ಸಿನಿಮಾ ಟೆಂಟಲ್ಲಿ ಪ್ರೊಜೆಕ್ಟರ್ ಬೆಳಕಲ್ಲಿ ಹೊಗೆ ಕಾಣ್ತಿತ್ತು, ಆಸ್ಪತ್ರೆ ವರಾಂಡದಲ್ಲೂ ಸೇದೋರು. 2001ರಲ್ಲಿ ಕಾಂಗ್ರೆಸ್ಸಿನ ಮುರ್ಲಿ ದೇವ್ರಾ ಹಾಕಿದ್ದ ಕೇಸಲ್ಲಿ ಸುಪ್ರೀಂ ಕೋರ್ಟು ಸಾರ್ವಜನಿಕ ಸ್ಥಳದಲ್ಲಿ ಸೇದಬಾರದು ಅಂತು, 2003ರಲ್ಲಿ ಕೋಟ್ಪಾ ಅನ್ನೋ ತಂಬಾಕು ನಿಯಂತ್ರಣ ಕಾಯಿದೆ ಬಂತು, 2008ರ ಅಕ್ಟೋಬರ್ 2ರಿಂದ ನಿಷೇಧ ದೇಶಕ್ಕೆಲ್ಲಾ ಗಟ್ಟಿಯಾಗಿ ಜಾರಿಗೆ ಬಂತು, ದಂಡ 200 ರೂಪಾಯಿವರೆಗೂ. ದಂಡ ಕಟ್ಟಿದೋರು ಎಷ್ಟು ಜನ ಇಲ್ಲಿ? ಕೈ ಎತ್ತಿ ನೋಡೋಣ. ಯಾರೂ ಇಲ್ಲ. ಆದ್ರೂ ಬಸ್ಸಲ್ಲಿ ಸೇದೋದು ನಿಂತೋಯ್ತು. ಯಾಕೆ ಅಂದ್ರೆ ಮುಂಚೆ ಸೇದೋನು ಯಜಮಾನ, ಕೆಮ್ಮೋನು ಪಾಪದವನು. ಕಾನೂನು ಬಂದ ಮೇಲೆ ಮಗು ಎತ್ಕೊಂಡಿರೋ ಹೆಣ್ಣುಮಗಳು "ಇಳಿದು ಸೇದ್ರೀ" ಅಂತ ಹೇಳೋ ಧೈರ್ಯ ಬಂತು. ಬಸ್ಸೆಲ್ಲಾ ಅವಳ ಕಡೆ. ದುಡ್ಡಿನ ದಂಡಕ್ಕಿಂತ ಅದು ದೊಡ್ಡದು.

ಲೆಕ್ಕ ಹೇಳ್ತೀನಿ. 2009-10ರಲ್ಲಿ ದೇಶದಾದ್ಯಂತ ಮಾಡಿದ ದೊಡ್ಡ ಸರ್ವೇಲಿ ನೂರು ವಯಸ್ಕರಲ್ಲಿ ಹತ್ರ ಹತ್ರ 35 ಜನ ಯಾವುದೋ ಒಂದು ರೂಪದಲ್ಲಿ ತಂಬಾಕು ಬಳಸ್ತಿದ್ರು, 2016-17ಕ್ಕೆ ಅದು 29ರ ಹತ್ರ ಬಂತು. ನಮ್ಮ ಕರ್ನಾಟಕದಲ್ಲಿ 28ರಿಂದ 23ರ ಹತ್ರಕ್ಕೆ. ಐದಾರು ಅಂಕ ಅಂದ್ರೆ ಸಣ್ಣದಲ್ಲ, ರಾಜ್ಯದ ಜನಸಂಖ್ಯೆಗೆ ಗುಣಿಸಿ ನೋಡಿ. ಆದ್ರೆ ದೇಶದಲ್ಲಿ ಸೇದೋರಿಗಿಂತ ಅಗಿಯೋರು ಎರಡರಷ್ಟು ಅನ್ನೋದನ್ನ ಮರೀಬೇಡಿ. ನಮ್ಮ ಪೋಸ್ಟರಲ್ಲೆಲ್ಲಾ ಸಿಗರೇಟಿಗೆ ಕೆಂಪು ಗೆರೆ ಎಳೆದಿರ್ತಾರೆ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕೋ ಅಜ್ಜಿ ಆ ಪೋಸ್ಟರ್ ನೋಡಿ ಇದು ನನಗಲ್ಲ ಬಿಡು ಅನ್ಕೋತಾಳೆ.

ಈಗ ಚಿತ್ರದ ಕಥೆ. ಪ್ಯಾಕಿನ ಮೇಲೆ ಕೊಳೆತ ಗಂಟಲಿನ ಚಿತ್ರ ಇರುತ್ತಲ್ಲ, ಅದು 85 ಪರ್ಸೆಂಟ್ ಜಾಗ ತುಂಬಬೇಕು ಅಂತ 2016ರ ಏಪ್ರಿಲ್ 1ರಿಂದ ನಿಯಮ. ಬೇರೆ ಬೇರೆ ಕಡೆ ಕಂಪನಿಯವರು ಹಾಕಿದ್ದ ಕೇಸುಗಳನ್ನೆಲ್ಲಾ ಸುಪ್ರೀಂ ಕೋರ್ಟು ನಮ್ಮ ಕರ್ನಾಟಕ ಹೈಕೋರ್ಟಿಗೇ ಕಳಿಸ್ತು. 2017ರ ಡಿಸೆಂಬರಲ್ಲಿ ಇಲ್ಲಿ ಆ ನಿಯಮ ಬಿದ್ದೋಯ್ತು, ಮುಂದಿನ ತಿಂಗಳೇ, 2018ರ ಜನವರೀಲಿ, ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಡ್ತು, ಚಿತ್ರ ಉಳೀತು. ಅಷ್ಟು ದೊಡ್ಡ ದೊಡ್ಡ ವಕೀಲರು ನಿಂತು ವಾದ ಮಾಡಿದ ಆ ಚಿತ್ರಾನ ನನ್ನ ಪೇಶೆಂಟು ನೋಡೇ ಇಲ್ಲ. ಅವನು ಕೇಳೋದು "ಒಂದು ಕಿಂಗ್ ಕೊಡಣ್ಣ". ಪ್ಯಾಕು ಅಂಗಡಿಯವನ ಗಲ್ಲಾಪೆಟ್ಟಿಗೆ ಪಕ್ಕ ಇರುತ್ತೆ. ಕೊಳೆತ ಗಂಟಲು ದಿನಾ ನೋಡೋನು ಅಂಗಡಿಯವನು, ಪಾಪ ಅವನು ಸೇದಲ್ಲ! ಪ್ಯಾಕಿನ ಮೇಲೆ ಬಿಡೋಕೆ ಸಹಾಯ ಬೇಕಾದ್ರೆ ಫೋನ್ ಮಾಡಿ ಅಂತ 1800-11-2356 ನಂಬರ್ ಬೇರೆ ಇದೆ, ಫೋನಿಗೆ ದುಡ್ಡು ಬೀಳಲ್ಲ, ನಮ್ಮ ಕಡೆಯವರಿಗೆ ನಿಮ್ಹಾನ್ಸಿಂದ ಕನ್ನಡದಲ್ಲೇ ಮಾತಾಡ್ತಾರೆ. ಬಿಡಿ ತಗೊಳ್ಳೋನಿಗೆ ಆ ನಂಬರೂ ಸಿಗಲ್ಲ. ಬಿಡಿ ಸಿಗರೇಟು ಮಾರಬಾರದು ಅಂತ ನಮ್ಮ ರಾಜ್ಯ 2017ರಲ್ಲೇ ಆದೇಶ ಮಾಡಿತ್ತು. 2025ರ ಮೇ ತಿಂಗಳಲ್ಲಿ ಕೋಟ್ಪಾಗೆ ನಮ್ಮ ರಾಜ್ಯ ತಂದ ತಿದ್ದುಪಡಿ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಂತು, ದಂಡ ಸಾವಿರ ರೂಪಾಯಿವರೆಗೂ ಆಯ್ತು, ಕೊಳ್ಳೋ ವಯಸ್ಸು 18ರಿಂದ 21ಕ್ಕೆ ಏರ್ತು, ಹುಕ್ಕಾ ಬಾರ್ ಬಂದ್. ಒಳ್ಳೇದೇ. ಆದ್ರೆ ಈ ಕಾಲೇಜಿನ ಗೇಟಿಂದ ಹೊರಗೆ ಹೋಗಿ ಎಡಕ್ಕೆ ತಿರುಗಿ ನೋಡಿ, ನಾನೇನೂ ಹೇಳಲ್ಲ. (ಇಲ್ಲಿ ಹುಡುಗ್ರು ಜೋರಾಗಿ ನಕ್ಕಿದಾರೆ.)

ಗುಟ್ಕಾ ಕಥೆ ಇನ್ನೂ ಚೆನ್ನಾಗಿದೆ. 2013ರ ಮೇ ಕೊನೇಲಿ ಕರ್ನಾಟಕದಲ್ಲಿ ಗುಟ್ಕಾ ಬ್ಯಾನ್ ಆಯ್ತಲ್ಲ, ಅದು ತಂಬಾಕು ಕಾಯಿದೆ ಕೆಳಗಲ್ಲ, ಆಹಾರ ಸುರಕ್ಷತೆ ಕಾಯಿದೆ ಕೆಳಗೆ. ತಿನ್ನೋ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಸೇರಿಸಬಾರದು ಅಂತ ಅಲ್ಲೊಂದು ನಿಯಮ ಇದೆ, ಅದನ್ನ ಹಿಡ್ಕೊಂಡು ಬ್ಯಾನ್ ಮಾಡಿದ್ರು. ಬುದ್ಧಿವಂತಿಕೆಯ ಕೆಲಸ. ಕಂಪನಿಯವರು ಇನ್ನೂ ಬುದ್ಧಿವಂತರು. ಪಾನ್ ಮಸಾಲ ಒಂದು ಸ್ಯಾಶೆ, ತಂಬಾಕು ಪುಡಿ ಇನ್ನೊಂದು ಸ್ಯಾಶೆ, ಎರಡೂ ಜೋಡಿ ಸರ. ಒಂದು ತಿನ್ನೋ ಪದಾರ್ಥ, ಒಂದು ತಂಬಾಕು, ಯಾವುದೂ ಗುಟ್ಕಾ ಅಲ್ಲ. ಗಿರಾಕಿ ಎರಡನ್ನೂ ಹರಿದು, ಒಂದನ್ನ ಇನ್ನೊಂದಕ್ಕೆ ಸುರಿದು, ಎರಡು ಬೆರಳಲ್ಲಿ ಹಿಡಿದು ಟಕ ಟಕ ಅಂತ ಕುಲುಕಿ ಬಾಯಿಗೆ ಹಾಕ್ಕೋತಾನೆ. ಫ್ಯಾಕ್ಟರೀಲಿ ನಡೀತಿದ್ದ ಕೊನೇ ಹಂತದ ಕೆಲಸ ಗಿರಾಕಿ ಅಂಗೈ ಮೇಲೆ ನಡೀತಿದೆ, ಅಷ್ಟೇ ವ್ಯತ್ಯಾಸ.

ಸರಿ, ಬೊಜ್ಜಿಗೆ ಬರೋಣ. ಇದು ತಂಬಾಕಿಗಿಂತ ಕಷ್ಟ, ಯಾಕೆ ಅಂದ್ರೆ ಸೇದಬೇಡ ಅನ್ನಬಹುದು, ತಿನ್ನಬೇಡ ಅನ್ನೋಕಾಗಲ್ಲ. ಪಕ್ಕದವನ ಹೊಗೆ ನನ್ನ ಮೂಗಿಗೆ ಬರುತ್ತೆ, ಪಕ್ಕದವನ ಬೋಂಡಾ ನನ್ನ ಹೊಟ್ಟೆಗೆ ಬರಲ್ಲ, ಹಾಗಾಗಿ ಬಸ್ಸಲ್ಲಿ ಆ ಹೆಣ್ಣುಮಗಳಿಗೆ ಸಿಕ್ಕಿದ ಹಕ್ಕು ಇಲ್ಲಿ ಯಾರಿಗೂ ಇಲ್ಲ. ಇರಲೂಬಾರದು, ದಪ್ಪ ಇರೋರನ್ನ ಆಡ್ಕೊಳ್ಳೋದು ನಮ್ಮಲ್ಲಿ ಆಗಲೇ ಬೇಕಾದಷ್ಟಿದೆ. ಮಜಾ ಏನಂದ್ರೆ ಕರಗಿದ್ರೂ ಬಿಡಲ್ಲ, ನಾನು ಒಂದ್ಸಲ ಆರು ಕೆಜಿ ಇಳಿಸಿದಾಗ ಮದುವೆ ಮನೇಲಿ ನಮ್ಮ ಸೋದರತ್ತೆ ಗಲ್ಲ ಹಿಡ್ಕೊಂಡು "ಯಾಕೋ ಮಗಾ ಹಿಂಗ್ ಸೊರಗೋಗಿದೀಯಾ, ಶುಗರಾ?" ಅಂತ ಕಣ್ಣೀರು ಹಾಕ್ಬಿಟ್ರು. ಎರಡು ಹೋಳಿಗೆ ಜಾಸ್ತಿ ಬಿತ್ತು ಎಲೆಗೆ.

ಕರ್ನಾಟಕದ ಲೆಕ್ಕ ನೋಡಿ. 2015-16ರ ಕುಟುಂಬ ಆರೋಗ್ಯ ಸಮೀಕ್ಷೇಲಿ ನೂರಕ್ಕೆ 23 ಹೆಂಗಸರು, 22 ಗಂಡಸರು ತೂಕ ಜಾಸ್ತಿ ಇರೋರು. ಮುಂದಿನ ಸಮೀಕ್ಷೆ 2019-21ರದು, ಎರಡೂ ಕಡೆ 30 ದಾಟಿದೆ. ಅದೇ ಸಮೀಕ್ಷೇಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಒಂದೇ ರಾಜ್ಯ, ಎಷ್ಟೋ ಸಲ ಒಂದೇ ಮನೆ, ಮಗು ಕುಳ್ಳು, ಅಮ್ಮಂಗೆ ತೂಕ. ಇದು ಎರಡು ಸಮಸ್ಯೆ ಅನ್ಸುತ್ತೆ, ಒಂದೇ ಬಳ್ಳಿ ಅದು. ಅದನ್ನ ಜಗತ್ತಿಗೆ ತೋರಿಸಿದ ಕೆಲಸದಲ್ಲಿ ನಮ್ಮ ಮೈಸೂರಿನದೂ ಪಾಲಿದೆ, ನಿಮ್ಮಲ್ಲಿ ಎಷ್ಟೋ ಜನ ಹುಟ್ಟಿರೋದೇ ಅಲ್ಲಿ ಇರಬಹುದು, ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಅಂತಾರೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆ ಎಲ್ಲಾ ಲೆಡ್ಜರಲ್ಲಿ ಬರೆದಿಟ್ಟಿದ್ರು. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ ಅವರಲ್ಲಿ 517 ಜನರನ್ನ ಹುಡುಕಿ ಪರೀಕ್ಷೆ ಮಾಡಿದ್ರು, 1996ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಕಡಿಮೆ ಇದ್ದೋರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ಕಾಯಿಲೆ, ಮೂರು ಕೆಜಿ ದಾಟಿ ಹುಟ್ಟಿದೋರಲ್ಲಿ 3 ಜನಕ್ಕೆ. ಯಾವ ಸೂಲಗಿತ್ತಿಯೋ ನರ್ಸೋ ತಕ್ಕಡೀಲಿಟ್ಟು ತೂಗಿ ಇಂಕಲ್ಲಿ ಬರೆದ ಒಂದು ಅಂಕಿ ಅರವತ್ತು ವರ್ಷ ಆದ್ಮೇಲೆ ಮಾತಾಡ್ತು, ನನಗೆ ಇವತ್ತಿಗೂ ಇದನ್ನ ಹೇಳುವಾಗ ಮೈ ಜುಂ ಅನ್ನುತ್ತೆ. ಹೊಟ್ಟೇಲಿದ್ದಾಗ ಸಾಲದೆ ಬೆಳೆದ ಮೈ ಮುಂದೆ ಸಿಕ್ಕಿದ್ದನ್ನೆಲ್ಲಾ ಸೊಂಟದ ಸುತ್ತ ಕೂಡಿಡುತ್ತೆ, ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಪುಣೆಯ ಡಾಕ್ಟರ್ ಯಾಜ್ಞಿಕ್, ಲಂಡನ್ನಿನ ಯುಡ್ಕಿನ್ ಇಬ್ಬರೂ ಪಕ್ಕಪಕ್ಕ ನಿಂತು ತೆಗೆಸಿದ ಫೋಟೋ 2004ರಲ್ಲಿ ಬಂತು, ಇಬ್ಬರದೂ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3, ಆದ್ರೆ ಮೈಯ ಕೊಬ್ಬು ಒಬ್ಬರದು 9 ಪರ್ಸೆಂಟು, ಇನ್ನೊಬ್ಬರದು 21. ಜಾಸ್ತಿ ಯಾರದು ಅಂತ ಹೇಳಬೇಕಾ? ಆಶಾ ಅಮ್ಮ ತಕ್ಕಡಿ ತರದೆ ಟೇಪು ತಂದಿದ್ದು ಅದಕ್ಕೇ.

ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ ಇದೆ. ನನಗೆ ಆ ಗಾದೆ ಮೇಲೆ ಸ್ವಲ್ಪ ತಕರಾರಿದೆ. ಗಾದೆ ಹುಟ್ಟಿದ ಕಾಲದಲ್ಲಿ ಊಟ ಮನೇಲಿತ್ತು, ಬಲ್ಲವನು ಆಗೋದು ಸುಲಭ. ಈಗ ಪ್ಯಾಕೆಟ್ ಹಿಂದೆ ಸಾಸಿವೆ ಕಾಳಿನ ಸೈಜಲ್ಲಿ ಬರೆದಿರೋದನ್ನ ಓದಿ ಉಪ್ಪೆಷ್ಟು ಎಣ್ಣೆ ಎಷ್ಟು ಅಂತ ತಿಳ್ಕೊಳ್ಳೋಕೆ ನನಗೇ ಆಗಲ್ಲ, ಕನ್ನಡಕ ಹಾಕಿದ್ರೂ. ಚಿಲಿ ದೇಶದಲ್ಲಿ 2016ರಿಂದ ಪ್ಯಾಕೆಟ್ ಮುಂಭಾಗದಲ್ಲೇ ಕಪ್ಪು ಎಂಟು ಮೂಲೆಯ ಗುರುತು ಹಾಕ್ತಾರೆ, ಸಕ್ಕರೆ ಜಾಸ್ತಿ, ಉಪ್ಪು ಜಾಸ್ತಿ ಅಂತ. ಆ ಗುರುತು ಬಿದ್ದ ಪ್ಯಾಕೆಟ್ ಮೇಲೆ ಮಕ್ಕಳನ್ನ ಸೆಳೆಯೋ ಕಾರ್ಟೂನ್ ಹಾಕೋ ಹಾಗಿಲ್ಲ, ಶಾಲೆ ಒಳಗೆ ಮಾರೋ ಹಾಗಿಲ್ಲ. ಓದು ಬರದ ತಾಯಿಗೂ ಕಪ್ಪು ಗುರುತು ಎಣಿಸೋಕೆ ಬರುತ್ತೆ. ನಮ್ಮಲ್ಲಿ 2022ರಲ್ಲಿ ಬಂದ ಕರಡು ನಿಯಮದಲ್ಲಿ ನಕ್ಷತ್ರ ಕೊಡೋಣ ಅಂದಿದ್ರು, ಅರ್ಧ ಸ್ಟಾರಿಂದ ಐದು ಸ್ಟಾರ್‌ವರೆಗೆ. ಸ್ಟಾರು ಅಂದ್ರೆ ನಮ್ಮ ಜನಕ್ಕೆ ಬಹುಮಾನ ಸ್ವಾಮಿ. ಎರಡು ಸ್ಟಾರ್ ಬಂದಿರೋ ಚಿಪ್ಸು ಅಂದ್ರೆ ಪರವಾಗಿಲ್ಲ ಪಾಸಾಗಿದೆ ಅನ್ಕೋತಾರೆ. ಹುಲಿ ಇದೆ ಅಂತ ಬೋರ್ಡ್ ಹಾಕೋ ಕಡೆ ಹುಲಿಗೆ ಮಾರ್ಕ್ಸ್ ಕೊಟ್ಟಂಗೆ.

ಇನ್ನು ತೆರಿಗೆ. 2025ರ ಸೆಪ್ಟೆಂಬರಲ್ಲಿ ಜಿಎಸ್‌ಟಿ ಕೌನ್ಸಿಲ್ ದರ ಬದಲಾಯಿಸ್ತಲ್ಲ, ಸಿಗರೇಟಿಗೆ, ಸಕ್ಕರೆ ತುಂಬಿದ ಕೂಲ್ ಡ್ರಿಂಕ್ಸ್‌ಗೆ 40 ಪರ್ಸೆಂಟ್ ಅಂದ್ರು, ಕೈ ಮುಗಿದೆ. ಅದೇ ಸಭೇಲಿ ಬೀಡಿ 28ರಿಂದ 18ಕ್ಕೆ ಇಳೀತು. ಬೀಡಿ ಕಟ್ಟೋ ಹೆಣ್ಣುಮಕ್ಕಳ ಹೊಟ್ಟೆಪಾಡು ಅನ್ನೋ ಮಾತು ಯಾವಾಗ್ಲೂ ಬರುತ್ತೆ. ದಕ್ಷಿಣ ಕನ್ನಡದಲ್ಲಿ ಕಟ್ಟಿದ ಬೀಡಿ ತಗೊಂಡು ಬ್ರಾಂಚಿಗೆ ಹೋಗೋ ಹೆಂಗಸರನ್ನ ನಾನೂ ನೋಡಿದೀನಿ, ಬೆರಳ ತುದಿ ಸವೆದಿರುತ್ತೆ, ಮನೆಯೆಲ್ಲಾ ತಂಬಾಕಿನ ಘಾಟು. ತೆರಿಗೆ ಇಳಿದಿದ್ದಕ್ಕೆ ಅವರ ಮಜೂರಿ ತಾನಾಗೇ ಏರಲ್ಲ. ಬಿಸ್ಕತ್ತು, ಚಾಕೊಲೇಟು, ನೂಡಲ್ಸು, ಖಾರದ ಮಿಕ್ಸ್ಚರು ಎಲ್ಲಾ 5 ಪರ್ಸೆಂಟಿಗೆ ಬಂತು. ಆಗ ಕೆಲವು ಕಂಪನಿಗಳು ಏನಂದ್ವು ಗೊತ್ತಾ, ಐದು ರೂಪಾಯಿ ಪ್ಯಾಕೆಟ್ಟನ್ನ ನಾಲ್ಕೂವರೆ ಮಾಡೋ ಬದಲು ಒಳಗೆ ಗ್ರಾಂ ಜಾಸ್ತಿ ಹಾಕ್ತೀವಿ ಅಂತ. ಮತ್ತೆ ಚಿಲ್ಲರೆ ಲೆಕ್ಕವೇ. ನಾಣ್ಯ ಅದೇ, ಹೊಟ್ಟೆಗೆ ಹೋಗೋದು ಜಾಸ್ತಿ.

ಆಗುತ್ತಾ ಇದೆಲ್ಲಾ ಅಂತ ಕೇಳ್ತೀರಾ. ಆಗಿದೆ ಒಂದು ಕಡೆ. ಫಿನ್ಲೆಂಡಿನ ಪೂರ್ವದ ಅಂಚಲ್ಲಿ ನಾರ್ತ್ ಕರೇಲಿಯಾ ಅಂತ ಹಳ್ಳಿ ಜಾಸ್ತಿ ಇರೋ ಪ್ರಾಂತ್ಯ, ಹೈನುಗಾರಿಕೆ, ಬೆಣ್ಣೆ, ಉಪ್ಪು, ಸಿಗರೇಟು, ನಲವತ್ತು ಐವತ್ತಕ್ಕೆಲ್ಲಾ ಗಂಡಸರು ಹಾರ್ಟ್ ಅಟ್ಯಾಕಲ್ಲಿ ಸಾಯೋರು. ಅಲ್ಲಿನ ಜನರೇ ಸರ್ಕಾರಕ್ಕೆ ಅರ್ಜಿ ಕೊಟ್ರು, 1972ರಲ್ಲಿ ಪೆಕ್ಕಾ ಪುಸ್ಕಾ ಅನ್ನೋ ಇಪ್ಪತ್ತೇಳು ವರ್ಷದ ಹುಡುಗ ಡಾಕ್ಟ್ರು ಕೆಲಸ ಶುರು ಮಾಡಿದ. ಅವನು ಆಸ್ಪತ್ರೇಲಿ ಕೂತು ಬುದ್ಧಿ ಹೇಳ್ಲಿಲ್ಲ. ಹೆಂಗಸರ ಸಂಘದವರನ್ನ ಕರ್ಕೊಂಡು ತರಕಾರಿ ಹಾಕಿ ಸಾರು ಮಾಡೋ ಪಾರ್ಟಿ ಮಾಡಿದ, ಊರೂರಿಗೆ ಕೊಲೆಸ್ಟರಾಲ್ ಇಳಿಸೋ ಪಂದ್ಯ ಇಟ್ಟ, ಸಾಸೇಜು ಮಾಡೋರ ಹತ್ರ ಹೋಗಿ ಕೊಬ್ಬು, ಉಪ್ಪು ಕಡಿಮೆ ಮಾಡಿಸಿದ. ಬೆಣ್ಣೆ ಕಡಿಮೆ ಆದ್ರೆ ನಾವೇನ್ ಮಾಡೋದು ಅಂತ ಹಸು ಸಾಕೋರು ಕೂಗಾಡಿದಾಗ ಅವರಲ್ಲಿ ಎಷ್ಟೋ ಜನಕ್ಕೆ ಬೆರ್ರಿ ಹಣ್ಣು ಬೆಳೆಯೋ ದಾರಿ ತೋರಿಸಿದ್ರು. ನಲವತ್ತು ವರ್ಷದಲ್ಲಿ ದುಡಿಯೋ ವಯಸ್ಸಿನ ಗಂಡಸರು ಹೃದಯದ ಕಾಯಿಲೆಯಿಂದ ಸಾಯೋದು ಎಂಬತ್ತು ಪರ್ಸೆಂಟಿಗಿಂತ ಜಾಸ್ತಿ ಇಳೀತು. ಆದ್ರೆ ಒಂದನ್ನ ಮುಚ್ಚಿಡಬಾರದು, ಅಲ್ಲೂ ಗಂಡಸರ ತೂಕ ಇಳೀಲಿಲ್ಲ, ಏರ್ತಾನೇ ಹೋಯ್ತು. ಹಾರ್ಟು ಗೆದ್ರು, ಹೊಟ್ಟೆ ಗೆಲ್ಲೋಕೆ ಅವರಿಗೂ ಆಗಲಿಲ್ಲ.

ನನಗೆ ಆ ಬೆರ್ರಿ ಹಣ್ಣಿನ ಭಾಗ ಓದಿದಾಗೆಲ್ಲಾ ನಮ್ಮಪ್ಪ ನೆನಪಾಗ್ತಾರೆ. ಹಸಿ ಸೊಪ್ಪು ಮುರಿಯೋ ಕಾಲದಲ್ಲಿ ಇಬ್ಬನೀಲಿ ನೆಂದ ಎಲೆ ಕಂಕುಳಲ್ಲಿಟ್ಕೊಂಡು ಬಂದು ಮಧ್ಯಾಹ್ನಕ್ಕೆ ತಲೆಸುತ್ತು, ವಾಂತಿ. ಬಿಸಿಲಿಗೆ ಅಂತ ಅನ್ಕೊಂಡಿದ್ವಿ. ಚರ್ಮದ ಮೂಲಕ ನಿಕೋಟಿನ್ ಒಳಗೆ ಹೋಗಿ ಹಾಗಾಗುತ್ತೆ ಅಂತ ಅವರ ದುಡ್ಡಲ್ಲೇ ಓದಿ ನಾನು ತಿಳ್ಕೊಂಡೆ. ಅಪ್ಪಾ ಇದನ್ನ ಬಿಡು ಅಂದೆ ಒಂದ್ಸಲ. "ಶುಂಠಿ ಹಾಕು ಅಂತೀಯಾ, ಕೊಳೆ ರೋಗ ಬಂದ್ರೆ ನೀನ್ ಬರ್ತೀಯಾ? ಇದಕ್ಕೆ ಬೋರ್ಡ್ ಐತೆ, ಹರಾಜು ಐತೆ, ಬ್ಯಾಂಕ್ನೋನು ಸಾಲ ಕೊಡ್ತಾನೆ" ಅಂದ್ರು. ತಂಬಾಕು ಮಂಡಳಿ 1976ರಿಂದ ಇದೆ, ಲೈಸೆನ್ಸು, ಗ್ರೇಡು, ಹರಾಜು ಕಟ್ಟೆ ಎಲ್ಲಾ ವ್ಯವಸ್ಥಿತ. ಹುರುಳಿಗೆ, ಅವರೆಗೆ ಅಂಥದ್ದೊಂದು ಕಟ್ಟೆ ಎಲ್ಲಿದೆ ಹೇಳಿ.

ಮಾತು ಮುಗಿಸಿ ಕೂತೆ. ಪ್ರಶ್ನೆ ಕೇಳಿ ಅಂದಾಗ ಹುಡುಗ್ರು ಒಂದೆರಡು ಕೇಳಿದ್ರು, ವೇಪಿಂಗ್ ಸೇಫಾ ಸಾರ್ ಅಂತ ಒಬ್ಬ, ಅಲ್ಲಪ್ಪ, 2019ರಿಂದ ಮಾರೋದೇ ನಿಷೇಧ ಅಂದೆ. ಆಮೇಲೆ ಹಿಂದ್ಗಡೆ ಬಾಗಿಲ ಹತ್ರ ನಿಂತಿದ್ದ ಒಬ್ಬರು ಕೈ ಎತ್ತಿದ್ರು. ನಾನು ಮಾತಲ್ಲಿ ಗೇಟಿಂದ ಎಡಕ್ಕೆ ಅಂದ್ನಲ್ಲ, ಆ ಅಂಗಡಿಯವರು. ಯಾರೋ ಹುಡುಗ ಓಡಿಹೋಗಿ ಹೇಳಿದಾನೆ.

"ಡಾಕ್ಟ್ರೇ, ನಾನೂ ಬಾಳೆಹಣ್ಣಿನ ಗೊನೆ ಕಟ್ತೀನಿ" ಅಂದ್ರು. "ಮೂರು ದಿನಕ್ಕೆ ಕಪ್ಪಾಯ್ತದೆ, ನಾಕನೇ ದಿನ ಹಸುಗೆ ಹಾಕ್ತೀನಿ. ಆ ಪ್ಯಾಕೆಟ್ಟು ತಿಂಗಳಾನುಗಟ್ಲೆ ಇರ್ತದೆ, ಡೇಟ್ ಆದ್ರೆ ಏಜೆಂಟು ಬಂದು ವಾಪಸ್ ತಗೋತಾನೆ. ಫ್ರಿಜ್ ಕೊಟ್ಟೋರು ಕೂಲ್ ಡ್ರಿಂಕ್ಸ್ನೋರು, ಮಜ್ಜಿಗೆ ಇಟ್ರೆ ಬಯ್ತಾರೆ. ಬಾಳೆಹಣ್ಣಿನ ಪರವಾಗಿ ನನ್ನ ಅಂಗಡಿಗೆ ಇವತ್ತಿನವರ್ಗೂ ಯಾರ್ ಬಂದವ್ರೆ? ನೀವು ಬಂದಿದ್ರಾ?"

ಇಲ್ಲ ಅಂದೆ.

"ಮತ್ತೆ ಬನ್ನಿ, ಟೀ ಕುಡೀತಾ ಮಾತಾಡವ. ಸಕ್ಕರೆ ಕಮ್ಮಿ ಹಾಕ್ತೀನಿ" ಅಂದು ಅಂಗಡಿ ಬಿಟ್ಟು ಬಂದಿದೀನಿ ಅಂತ ಹೊರಟೇ ಬಿಟ್ರು.